ಸೊಲ್ಲಾಪುರದಿಂದ ಯೆನಾನ್‌ಗೆ: ಡಾ. ದ್ವಾರಕಾನಾಥ ಕೋಟ್ನಿಸ್

ಸೊಲ್ಲಾಪುರದ ಭೈಯ್ಯಾ ಚೌಕದ ಬಳಿ ಕೋಟ್ನಿಸ್ ಮನೆತನದ ಹಳೆಯ ಮನೆಯೊಂದಿದೆ. ಇಂದು ಅದು ಸ್ಮಾರಕ. ಆ ಮನೆಯ ಮಗನೊಬ್ಬರು ವೈದ್ಯರಾಗಿ, ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮುಂಬಯಿಯಿಂದ ಹಡಗು ಹತ್ತಿ ಚೀನಾಕ್ಕೆ ಹೋದರು. ಒಂದು ವರ್ಷದ ಸೇವೆಯೆಂದು ಹೊರಟವರು ಮರಳಿ ಬರಲಿಲ್ಲ. ಯುದ್ಧದ ನಡುವೆ ನಾಲ್ಕು ವರ್ಷಗಳಿಗೂ ಮಿಕ್ಕಿ ಗಾಯಾಳುಗಳ ಆರೈಕೆ ಮಾಡಿ, ಮೂವತ್ತೆರಡು ತುಂಬಿದ ಕೆಲವೇ ವಾರಗಳಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು. ಅವರೇ ಡಾ. ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್. ವೈದ್ಯನಾದವನಿಗೆ, ದಾದಿಯಾದವಳಿಗೆ, ಒಟ್ಟಿನಲ್ಲಿ ರೋಗಿಯ ಹಾಸಿಗೆಯ ಪಕ್ಕ ನಿಲ್ಲುವ ಯಾರಿಗೇ ಆಗಲಿ, ಯಾವ ಗುಣಗಳಿರಬೇಕೆಂಬ ಪ್ರಶ್ನೆಗೆ ಪಠ್ಯಪುಸ್ತಕಗಳಲ್ಲಿ ಉದ್ದವಾದ ಪಟ್ಟಿಗಳು ದೊರೆಯುತ್ತವೆ. ಕೋಟ್ನಿಸ್ ಅವರ ಬದುಕಿನಲ್ಲಿ ಆ ಗುಣಗಳು ಒಂದೊಂದಾಗಿ ಪರೀಕ್ಷೆಗೆ ಒಳಗಾದ ಬಗೆಯನ್ನು ಕಾಣಬಹುದು.

ಗಿರಣಿಗಳ ಊರಿನ ಹುಡುಗ

ದ್ವಾರಕಾನಾಥರು ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದ ಕೆಳಮಧ್ಯಮ ವರ್ಗದ ಕುಟುಂಬವೊಂದರಲ್ಲಿ. ಇಬ್ಬರು ಸಹೋದರರು, ಐವರು ಸಹೋದರಿಯರಿದ್ದ ತುಂಬು ಮನೆ. ಮನೆಮಾತು ಕನ್ನಡವಲ್ಲದಿದ್ದರೂ ಅವರು ಬೆಳೆದ ಊರು ಕನ್ನಡಿಗರಿಗೆ ಪರಕೀಯವಲ್ಲ. ಇದು ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರ ಸೊನ್ನಲಿಗೆ. ಕೆರೆ ಕಟ್ಟುವುದನ್ನೇ ಕಾಯಕವಾಗಿ ಕೈಗೊಂಡು, ಜನರ ಬಾಯಾರಿಕೆಯನ್ನು ತಣಿಸುವುದೇ ಪೂಜೆಯೆಂದು ನಂಬಿದ ಶರಣರ ನೆಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದೇ ಊರಿನಲ್ಲಿ ಬಟ್ಟೆಗಿರಣಿಗಳು ತಲೆಯೆತ್ತಿದವು. ಕನ್ನಡ, ಮರಾಠಿ, ತೆಲುಗು, ಉರ್ದು ಭಾಷೆಗಳ ಜನ ಒಂದೇ ಗಿರಣಿಯ ಸಿಳ್ಳಿಗೆ ಎಚ್ಚರಗೊಂಡು, ಒಂದೇ ಓಣಿಯಲ್ಲಿ ಬಾಳುವ ಊರಾಗಿ ಸೊಲ್ಲಾಪುರ ಬೆಳೆಯಿತು. ಹಲವು ಭಾಷೆಗಳ ನಡುವೆ ಬೆಳೆದವನಿಗೆ ಅನ್ಯಭಾಷೆಯ ಭಯ ಕಡಿಮೆ. ದ್ವಾರಕಾನಾಥರಿಗೆ ಮುಂದೆ ಒದಗಿಬಂದ ಶಕ್ತಿಗಳಲ್ಲಿ ಇದೂ ಒಂದಾಗಿದ್ದಿರಬೇಕು.

ಸೊಲ್ಲಾಪುರ ರಾಜಕೀಯವಾಗಿಯೂ ಎಚ್ಚೆತ್ತ ಊರು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಗಿರಣಿ ಕಾರ್ಮಿಕರು ಬೀದಿಗಿಳಿದರು. ಬ್ರಿಟಿಷ್ ಅಧಿಕಾರಿಗಳು ಕೆಲವು ದಿನ ಊರು ತೊರೆಯಬೇಕಾಯಿತು. ಆಮೇಲೆ ಸೈನಿಕ ಕಾನೂನು ಜಾರಿಗೆ ಬಂದಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ ಎಂಬ ನಾಲ್ವರು ಗಲ್ಲಿಗೇರಿದರು. ಆಗ ದ್ವಾರಕಾನಾಥರಿಗೆ ಇಪ್ಪತ್ತು ವರ್ಷ. ಬೇರೆಯವರ ನೋವು ತನ್ನದೂ ಹೌದೆಂಬ ಭಾವ ಆ ಕಾಲದ ತರುಣರ ಉಸಿರಿನಲ್ಲಿತ್ತು.

ವೈದ್ಯಕೀಯ ಶಿಕ್ಷಣಕ್ಕಾಗಿ ಅವರು ಸೇರಿದ್ದು ಮುಂಬಯಿಯ ಸೇಠ್ ಗೋರ್ಧನದಾಸ ಸುಂದರದಾಸ ವೈದ್ಯಕೀಯ ಕಾಲೇಜನ್ನು. 1926ರಲ್ಲಿ ಪರಳದಲ್ಲಿ ಆರಂಭವಾದ ಈ ಕಾಲೇಜಿಗೆ ವಿಶಿಷ್ಟವಾದ ಹಿನ್ನೆಲೆಯಿತ್ತು. ವೈದ್ಯಶಿಕ್ಷಣದ ಉನ್ನತ ಹುದ್ದೆಗಳು ಬಹುಮಟ್ಟಿಗೆ ಆಂಗ್ಲರ ಕೈಯಲ್ಲಿದ್ದ ಕಾಲದಲ್ಲಿ, ಇಲ್ಲಿ ಕಲಿಸುವವರೆಲ್ಲರೂ ಅರ್ಹ ಭಾರತೀಯರೇ ಆಗಿರಬೇಕೆಂಬುದು ಅದಕ್ಕೆ ಹಣ ನೀಡಿದವರ ಷರತ್ತು. ಕಾಲೇಜಿಗೆ ಹೊಂದಿಕೊಂಡೇ ಕೆ.ಇ.ಎಂ. ಆಸ್ಪತ್ರೆ, ಅದರ ಸುತ್ತ ಗಿರಣಿ ಕಾರ್ಮಿಕರ ಚಾಳುಗಳು. ಪದವಿ ಪಡೆದು, ಮುಂದಿನ ಉನ್ನತ ವ್ಯಾಸಂಗದ ಸಿದ್ಧತೆಯಲ್ಲಿದ್ದಾಗ ದೂರದ ದೇಶವೊಂದರ ಕರೆ ಅವರ ಕಿವಿಗೆ ಬಿದ್ದಿತು.

ಒಂದು ಕರೆ, ಐವರು ವೈದ್ಯರು

1937ರ ಜುಲೈ 7ರಂದು ಬೀಜಿಂಗ್ ಸಮೀಪದ ಸೇತುವೆಯೊಂದರ ಬಳಿ ನಡೆದ ಘರ್ಷಣೆಯಿಂದ ಜಪಾನು ಚೀನಾದ ಮೇಲೆ ಪೂರ್ಣಪ್ರಮಾಣದ ಯುದ್ಧ ಆರಂಭಿಸಿತು. ಚೀನಾದ ಸೇನಾನಾಯಕ ಝು ದೆ ಅವರು ವೈದ್ಯಕೀಯ ನೆರವು ಕೋರಿ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದರು. 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶಕ್ಕೆ ಕರೆಯಿತ್ತರು. ಜುಲೈ ತಿಂಗಳಿನಲ್ಲಿ ಚೀನಾ ದಿನಗಳನ್ನು ಆಚರಿಸಿ ನಿಧಿ ಸಂಗ್ರಹಿಸಲಾಯಿತು. ಸುಮಾರು 22,000 ರೂಪಾಯಿ ಕೂಡಿತು. ತಾನೇ ಪರಾಧೀನವಾಗಿದ್ದ ದೇಶ, ಆಕ್ರಮಣಕ್ಕೆ ತುತ್ತಾದ ಇನ್ನೊಂದು ದೇಶಕ್ಕೆ ವೈದ್ಯರನ್ನು ಕಳುಹಿಸಿದ ಅಪರೂಪದ ಪ್ರಸಂಗವಿದು.

ತಂಡದಲ್ಲಿ ಐವರಿದ್ದರು. ಅಲಹಾಬಾದಿನ ಡಾ. ಮದನಮೋಹನಲಾಲ್ ಅಟಲ್ ನಾಯಕರು. ಅವರು ಆಗತಾನೆ ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಬಂದವರು. ನಾಗಪುರದ ಡಾ. ಮೋರೇಶ್ವರ ಚೋಳಕರ್, ಕಲ್ಕತ್ತೆಯ ಡಾ. ಬಿಜಯಕುಮಾರ ಬಸು ಮತ್ತು ಡಾ. ದೇವೇಶ ಮುಖರ್ಜಿ, ಸೊಲ್ಲಾಪುರದ ಕೋಟ್ನಿಸ್ ಉಳಿದ ನಾಲ್ವರು. ಮನೆಯಲ್ಲಿ ಕಷ್ಟದ ದಿನಗಳಿದ್ದವು. ವೈದ್ಯನಾದ ಮಗ ಗಳಿಸಿ ಆಸರೆಯಾಗಬೇಕಾದ ಹೊತ್ತು. ಆದರೂ ಮಗನ ಇಚ್ಛೆಗೆ ಮನೆಯವರು ಅಡ್ಡಬರಲಿಲ್ಲ. ಆರೋಗ್ಯಸೇವೆಯಲ್ಲಿರುವವರ ತ್ಯಾಗವನ್ನು ಹೊಗಳುವಾಗ, ಅದರಲ್ಲಿ ಮನೆಮಂದಿಯ ಪಾಲೂ ಇರುತ್ತದೆಂಬುದು ಹಲವೊಮ್ಮೆ ಮರೆತುಹೋಗುತ್ತದೆ. ಕೋಟ್ನಿಸ್ ಅವರ ತಂದೆ, ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು ಆ ಪಾಲನ್ನು ಮೌನವಾಗಿ ಹೊತ್ತರು.

1938ರ ಸೆಪ್ಟೆಂಬರ್ 1ರಂದು ಹಡಗು ಮುಂಬಯಿ ಬಿಟ್ಟಿತು. ಔಷಧಗಳು, ಶಸ್ತ್ರಚಿಕಿತ್ಸೆಯ ಉಪಕರಣಗಳು, ಒಂದು ಆಂಬುಲೆನ್ಸ್ ಜೊತೆಗಿದ್ದವು. ಕ್ಯಾಂಟನ್ನಿನಲ್ಲಿ ಡಾ. ಸನ್ ಯಾತ್ ಸೆನ್ ಅವರ ಪತ್ನಿ ಸೊಂಗ್ ಚಿಂಗ್‌ಲಿಂಗ್ ತಂಡವನ್ನು ಸ್ವಾಗತಿಸಿದರು. ಅಲ್ಲಿಂದ ಹಾನ್‌ಕೌ, ಗಾಯಾಳುಗಳಿಂದ ತುಂಬಿದ ಆಸ್ಪತ್ರೆಗಳಲ್ಲಿ ಕೆಲಸ. ಅಕ್ಟೋಬರಿನ ಕೊನೆಯಲ್ಲಿ ಆ ನಗರವೂ ಜಪಾನೀಯರ ವಶವಾಗುವ ಮುನ್ನ ತಂಡ ಯಾಂಗ್‌ಟ್ಸೆ ನದಿಯ ಗುಂಟ ಯೀಚಾಂಗ್‌ಗೆ, ಅಲ್ಲಿಂದ ಚೊಂಗ್‌ಚಿಂಗ್‌ಗೆ ಸರಿಯಿತು.

ಚೊಂಗ್‌ಚಿಂಗ್‌ನಲ್ಲಿ ಎರಡು ಘಟನೆಗಳು ನಡೆದವು. ಐವರಿಗೂ ಚೀನೀ ಹೆಸರುಗಳು ದೊರೆತವು. ಪ್ರತಿ ಹೆಸರಿನ ಕೊನೆಗೂ ಚೀನಾ ಎಂಬರ್ಥದ ಹುವಾ ಎಂಬ ಅಕ್ಷರ. ಕೋಟ್ನಿಸ್ ಅವರು ಕೆ ದಿಹುವಾ ಆದರು. ಇನ್ನೊಂದು, ತಂದೆ ತೀರಿಕೊಂಡರೆಂಬ ಸುದ್ದಿ ಊರಿನಿಂದ ಬಂದಿತು. ಸಂಗಡಿಗರು ಮರಳಿ ಹೋಗುವಂತೆ ಸೂಚಿಸಿದರು. ಹೋಗಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ಕೈಗೊಂಡ ಕೆಲಸ ಇನ್ನೂ ಆರಂಭವೇ ಆಗಿಲ್ಲವೆಂಬ ಭಾವನೆಯಿಂದ ಕೋಟ್ನಿಸ್ ತಂಡದೊಂದಿಗೇ ಉಳಿದರು. 1939ರ ಫೆಬ್ರವರಿಯಲ್ಲಿ ತಂಡ ಯೆನಾನ್ ತಲುಪಿತು.

ಗುಹೆಯ ಆಸ್ಪತ್ರೆ

ಯೆನಾನ್ ಹಳದಿ ಮಣ್ಣಿನ ಗುಡ್ಡಗಳ ನಡುವಿನ ಊರು. ವಿಮಾನದಾಳಿಯಿಂದ ಪಟ್ಟಣ ಹಾಳಾಗಿತ್ತು. ಗುಡ್ಡದ ಮಗ್ಗುಲನ್ನು ಕೊರೆದು ಮಾಡಿದ ಗುಹೆಗಳೇ ಮನೆ, ಶಾಲೆ, ಕಚೇರಿ, ಆಸ್ಪತ್ರೆ. ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ಕಲಿತವರಿಗೆ ಇಲ್ಲಿ ಕಾಣಿಸಿದ್ದು ಬೇರೆಯೇ ಲೋಕ. ವಿದ್ಯುದ್ದೀಪವಿಲ್ಲ, ನಲ್ಲಿನೀರಿಲ್ಲ. ದಿಗ್ಬಂಧನದಿಂದಾಗಿ ಔಷಧ ಬರುವುದೇ ಅಪರೂಪ. ಒಮ್ಮೆ ಬಳಸಿದ ಪಟ್ಟಿಯನ್ನು ಒಗೆದು, ಕುದಿಸಿ, ಒಣಗಿಸಿ ಮತ್ತೆ ಬಳಸಬೇಕು. ಸಲಕರಣೆ ಮುರಿದರೆ ಊರಿನ ಬಡಗಿ, ಕಮ್ಮಾರರೇ ಗತಿ.

ಇಲ್ಲಿ ಪರೀಕ್ಷೆಗೆ ಒಳಗಾದದ್ದು ಹೊಂದಾಣಿಕೆಯ ಗುಣ. ಸೌಕರ್ಯವಿಲ್ಲವೆಂದು ಗೊಣಗುತ್ತ ಕೂರುವುದು ಒಂದು ದಾರಿ. ಸೌಕರ್ಯವಿಲ್ಲದಿರುವುದರಿಂದ ಏನೂ ಮಾಡಲಾಗದೆಂದು ಕೈಚೆಲ್ಲುವುದು ಇನ್ನೊಂದು. ಈ ಎರಡನ್ನೂ ಬಿಟ್ಟು ಮೂರನೆಯ ದಾರಿಯೊಂದಿದೆ. ವಿಜ್ಞಾನದ ನಿಯಮವನ್ನು ಸಡಿಲಿಸದೆ ಸಾಧನವನ್ನು ಬದಲಿಸುವುದು ಆ ದಾರಿ. ಪಟ್ಟಿ ಹಳೆಯದಾಗಿರಬಹುದು, ಆದರೆ ಅದು ಕುದಿದಿರಲೇಬೇಕು. ಮೇಜು ಬಾಗಿಲ ಹಲಗೆಯದಾಗಿರಬಹುದು, ಆದರೆ ಅದು ಶುಚಿಯಾಗಿರಲೇಬೇಕು. ಬಡತನದಲ್ಲಿ ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಎಂದಿಗೂ ಬಿಟ್ಟುಕೊಡಬಾರದು ಎಂಬ ವಿವೇಕವೇ ವೈದ್ಯವೃತ್ತಿಯ ಒಳಮರ್ಮ. ಇಂದಿಗೂ ಗ್ರಾಮೀಣ ಆರೋಗ್ಯ ಕೇಂದ್ರಗಳಲ್ಲಿ ದುಡಿಯುವವರು ದಿನನಿತ್ಯ ಎದುರಿಸುವ ಪ್ರಶ್ನೆಯೂ ಇದೇ ಆಗಿದೆ.

ಕೋಟ್ನಿಸ್ ಕೈಗೊಂಡ ಇನ್ನೊಂದು ಸಾಧನೆ ಚೀನೀ ಭಾಷೆಯ ಕಲಿಕೆ. ದುಭಾಷಿಯ ಮೂಲಕ ಶಸ್ತ್ರಚಿಕಿತ್ಸೆ ನಡೆಸಬಹುದು; ಆದರೆ ನೋವು ಎಲ್ಲಿದೆ, ಯಾವಾಗಿನಿಂದ ಇದೆ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿ, ಉತ್ತರದ ಹಿಂದಿರುವ ಭಯವನ್ನೂ ಅರಿಯಬೇಕಾದರೆ ರೋಗಿಯ ಮಾತೇ ಬೇಕು. ಸಾವಿರಾರು ಚಿತ್ರಾಕ್ಷರಗಳ ಆ ಕಠಿಣ ಭಾಷೆಯನ್ನು ಅವರು ಆಡುವುದಷ್ಟೇ ಅಲ್ಲ, ಓದಲು ಬರೆಯಲೂ ಕಲಿತರು. ಕೆಲವೇ ವರ್ಷಗಳಲ್ಲಿ ಚೀನೀ ವಿದ್ಯಾರ್ಥಿಗಳಿಗೆ ಅವರದೇ ಭಾಷೆಯಲ್ಲಿ ಶಸ್ತ್ರವೈದ್ಯ ಕಲಿಸುವ ಮಟ್ಟ ಮುಟ್ಟಿದರು. ಗಡಿನಾಡಿನವರಿಗೆ ಇದರ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ನಿಂತ ಅಜ್ಜಿಯೊಬ್ಬಳು ತನ್ನ ಮಾತು ಬಲ್ಲ ದಾದಿಯನ್ನು ಕಂಡಾಗ ಅವಳ ಮುಖ ಅರಳುವುದನ್ನು ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಜನ ಬಲ್ಲರು. ಅರ್ಧ ಭಯ ಅಲ್ಲಿಗೇ ಕಳೆಯುತ್ತದೆ.

ಬೆಥೂನ್ ಬಿಟ್ಟುಹೋದ ಜಾಗ

1939ರ ಕೊನೆಯಲ್ಲಿ ಅಟಲ್, ಬಸು, ಕೋಟ್ನಿಸ್ ಮೂವರೂ ಯುದ್ಧರಂಗದತ್ತ ಹೊರಟರು. ಅನಾರೋಗ್ಯದ ಕಾರಣ ಮುಖರ್ಜಿಯವರೂ, ಅವರ ಜೊತೆಗೆ ಚೋಳಕರರೂ ಆ ಹೊತ್ತಿಗೆ ಭಾರತದ ದಾರಿ ಹಿಡಿದಿದ್ದರು. 1940ರಲ್ಲಿ ಅಟಲ್ ಕೂಡ ಹಿಂದಿರುಗಿದರು. ಬಸು ಅವರನ್ನು ಯೆನಾನ್‌ಗೆ ಕರೆಸಿಕೊಳ್ಳಲಾಯಿತು. ಕೋಟ್ನಿಸ್ ಮುಂದೆ ನಡೆದು, ಜಪಾನೀ ಸೇನೆಯ ಬೆನ್ನಹಿಂದೆ ಗುಡ್ಡಗಾಡಿನಲ್ಲಿದ್ದ ಪ್ರತಿರೋಧದ ನೆಲೆಯನ್ನು ಸೇರಿದರು.

ಆ ನೆಲೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು: ನಾರ್ಮನ್ ಬೆಥೂನ್. ಕೆನಡಾದ ಈ ಹೆಸರಾಂತ ಶಸ್ತ್ರವೈದ್ಯರು ಅಲ್ಲಿ ಸಂಚಾರಿ ಶಸ್ತ್ರಚಿಕಿತ್ಸಾ ಘಟಕಗಳನ್ನು ಕಟ್ಟಿ, ಹೇಸರಗತ್ತೆಯ ಬೆನ್ನ ಮೇಲೆ ಹೊರಬಹುದಾದ ಔಷಧಪೆಟ್ಟಿಗೆಗಳನ್ನು ರೂಪಿಸಿ, ಹಳ್ಳಿಯ ಜನ ರಕ್ತದಾನಕ್ಕೆ ಮುಂದೆ ಬರುವಂತೆ ಮಾಡಿದ್ದರು. ಗಾಯಾಳು ವೈದ್ಯನ ಬಳಿ ಬರಲೆಂದು ಕಾಯದೆ ವೈದ್ಯನೇ ಗಾಯಾಳುವಿನ ಬಳಿಗೆ ಹೋಗಬೇಕೆಂಬುದು ಅವರ ತತ್ತ್ವ. ಇದಕ್ಕೆ ಭಾವನೆಯ ಕಾರಣವಷ್ಟೇ ಅಲ್ಲ, ವಿಜ್ಞಾನದ ಕಾರಣವೂ ಇತ್ತು. ಪೆನಿಸಿಲಿನ್ ಇನ್ನೂ ಬಳಕೆಗೆ ಬಂದಿರದ ಕಾಲವದು. ಗುಂಡು ತಗುಲಿದ ಗಾಯದೊಳಗೆ ಬಟ್ಟೆಯ ಚೂರು, ಮಣ್ಣು ಸೇರಿಕೊಂಡಿರುತ್ತವೆ. ಸತ್ತ ಮಾಂಸವನ್ನು ಬೇಗನೆ ಕತ್ತರಿಸಿ ತೆಗೆದು ಗಾಯವನ್ನು ಶುಚಿಗೊಳಿಸದಿದ್ದರೆ ಕೀವಾಗಿ, ವಿಷ ರಕ್ತಕ್ಕೇರಿ ಗಾಯಾಳು ಸಾಯುತ್ತಾನೆ. ಡೋಲಿಯಲ್ಲಿ ಹೊತ್ತು ಎರಡು ಮೂರು ದಿನ ಬೆಟ್ಟ ದಾಟಿಸಿದರೆ ಉಳಿಯುವ ಜೀವವೂ ಉಳಿಯದು. ಬೆಥೂನ್ ಅವರಿಗೇ ಆದದ್ದೂ ಅದೇ. ಕೈಗವಸಿಲ್ಲದೆ ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗಾದ ಗಾಯ ನಂಜೇರಿ 1939ರ ನವೆಂಬರ್ 12ರಂದು ತೀರಿಕೊಂಡಿದ್ದರು.

ಕೋಟ್ನಿಸ್ ಅವರ ಸಮಾಧಿಗೆ ನಮಿಸಿದರು. ಬಳಿಕ ಅವರು ಬಿಟ್ಟುಹೋದ ಕೆಲಸಕ್ಕೆ ಹೆಗಲು ಕೊಟ್ಟರು. 1941ರ ಜನವರಿಯಲ್ಲಿ ಬೆಥೂನ್ ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾಗಿ ನೇಮಕಗೊಂಡಾಗ ಅವರಿಗೆ ವಯಸ್ಸು ಮೂವತ್ತು. ಬೆಥೂನ್ ಅನುಭವಿ, ಜಗತ್ತು ಬಲ್ಲ ತಜ್ಞರು. ಕೋಟ್ನಿಸ್ ಕಾಲೇಜು ಬಿಟ್ಟು ಹೆಚ್ಚು ವರ್ಷಗಳಾಗದ ತರುಣ. ದೊಡ್ಡವರು ಕುಳಿತ ಜಾಗದಲ್ಲಿ ಕೂರಬೇಕಾದಾಗ ಎರಡು ಅಪಾಯಗಳಿರುತ್ತವೆ: ಅಳುಕು ಒಂದು, ಅಹಂಕಾರ ಇನ್ನೊಂದು. ಕೋಟ್ನಿಸ್ ಎರಡಕ್ಕೂ ಎಡೆಗೊಡಲಿಲ್ಲ. ತಿಳಿಯದ್ದನ್ನು ಕಲಿಯುತ್ತ, ತಿಳಿದದ್ದನ್ನು ಕಲಿಸುತ್ತ ನಡೆದರು.

ಅದಕ್ಕೂ ಮುನ್ನ, 1940ರ ಆಗಸ್ಟಿನಲ್ಲಿ ಆರಂಭವಾದ ನೂರು ರೆಜಿಮೆಂಟುಗಳ ಕದನದಲ್ಲಿ, ಅವರ ಕೌಶಲವೂ ಮನೋಬಲವೂ ಸಾಣೆಗೆ ಬಂದಿದ್ದವು. ರಣರಂಗದ ಸಮೀಪದಲ್ಲೇ ಬೀಡುಬಿಟ್ಟ ಅವರ ಘಟಕಕ್ಕೆ ಗಾಯಾಳುಗಳು ಪ್ರವಾಹದಂತೆ ಬಂದರು. ಆ ಒಂದು ಕದನದಲ್ಲಿ 800ಕ್ಕೂ ಹೆಚ್ಚು ಗಾಯಾಳುಗಳಿಗೆ ಅವರು ಚಿಕಿತ್ಸೆ ನೀಡಿದರು. ಒಂದು ಹಂತದಲ್ಲಿ 72 ಗಂಟೆಗಳ ಕಾಲ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರು. ಈ ಅಂಕಿಗಳನ್ನು ಓದಿ ಬೆರಗಾಗುವುದು ಸುಲಭ. ಆದರೆ ಅವುಗಳ ಹಿಂದಿರುವುದು ಒಬ್ಬರ ಕೆಲಸವಲ್ಲ. ಪಟ್ಟಿ ಕುದಿಸಿದವರು, ದೀಪ ಹಿಡಿದವರು, ಡೋಲಿ ಹೊತ್ತವರು, ಅರಿವಳಿಕೆ ಕೊಟ್ಟವರು, ಗಾಯಾಳುವಿನ ತಲೆ ನೇವರಿಸಿದವರು ಎಲ್ಲರೂ ಸೇರಿ ಆ ಎಂಟುನೂರು ಜನರನ್ನು ಉಪಚರಿಸಿದರು. ವೈದ್ಯನ ಕೈ ಎಷ್ಟೇ ಚುರುಕಾಗಿರಲಿ, ಅದು ನಿಂತಿರುವುದು ಅನೇಕ ಕೈಗಳ ಮೇಲೆ. ಮುಖ್ಯಸ್ಥರಾದ ಮೇಲೂ ಕೋಟ್ನಿಸ್ ವಿಶೇಷ ಊಟ, ವಿಶೇಷ ವಸತಿ ಬೇಡವೆಂದು ಎಲ್ಲರೊಂದಿಗೆ ಉಂಡು, ಎಲ್ಲರೊಂದಿಗೆ ದುಡಿದುದರ ಹಿಂದೆ ಈ ಅರಿವಿತ್ತು. ಸೈನಿಕರೂ ಹಳ್ಳಿಗರೂ ಅವರನ್ನು ಪ್ರೀತಿಯಿಂದ ಕಪ್ಪು ತಾಯಿ ಎಂದು ಕರೆಯುತ್ತಿದ್ದರೆಂಬ ನೆನಪು ಅಲ್ಲಿ ಉಳಿದಿದೆ. ಶಸ್ತ್ರವೈದ್ಯನೊಬ್ಬನನ್ನು ತಾಯಿಯೆಂದು ಕರೆದ ಆ ಜನ ಅವರ ಕೌಶಲದೊಂದಿಗೆ ಅಂತಃಕರಣವನ್ನೂ ಗುರುತಿಸಿದ್ದರು.

ಕಲಿಸುವ ವೈದ್ಯ

ಆಸ್ಪತ್ರೆಯ ಜೊತೆಗೇ ಬೆಥೂನ್ ವೈದ್ಯಕೀಯ ಶಾಲೆಯಿತ್ತು. ಯುದ್ಧಕ್ಕೆ ಬೇಕಾದಷ್ಟು ವೈದ್ಯರು ಆ ಪ್ರಾಂತದಲ್ಲಿರಲಿಲ್ಲ. ಹಳ್ಳಿಯ ಹುಡುಗ ಹುಡುಗಿಯರಿಗೇ ಕಲಿಸಿ ವೈದ್ಯಸಹಾಯಕರನ್ನಾಗಿ, ದಾದಿಯರನ್ನಾಗಿ ರೂಪಿಸಬೇಕಾಗಿತ್ತು. ಒಬ್ಬ ವೈದ್ಯ ತನ್ನ ಆಯುಷ್ಯದಲ್ಲಿ ಕೆಲವು ಸಾವಿರ ಜನರನ್ನು ಉಳಿಸಬಲ್ಲ. ಆತ ಕಲಿಸಿದ ಶಿಷ್ಯರು ಅದರ ಹಲವು ಪಾಲು ಜನರನ್ನು ಉಳಿಸಬಲ್ಲರು. ಇದನ್ನು ಅರಿತ ಕೋಟ್ನಿಸ್ ಬೋಧನೆಯನ್ನು ಚಿಕಿತ್ಸೆಯಷ್ಟೇ ಮಹತ್ವದ ಕೆಲಸವೆಂದು ಎಣಿಸಿದರು.

ಆ ವಿದ್ಯಾರ್ಥಿಗಳ ಅಗತ್ಯಕ್ಕೆ ತಕ್ಕ ಪಠ್ಯಗಳ ಕೊರತೆಯಿತ್ತು. ಹಗಲಿನ ಕೆಲಸ ಮುಗಿದ ಮೇಲೆ ಎಣ್ಣೆದೀಪದ ಬೆಳಕಿನಲ್ಲಿ ಕುಳಿತು ಅವರು ಶಸ್ತ್ರವೈದ್ಯದ ಸಾಮಾನ್ಯ ತತ್ತ್ವಗಳನ್ನು ತಿಳಿಸುವ ಪಠ್ಯವನ್ನು ಸಿದ್ಧಪಡಿಸಿದರು. ಅದರ ಬೆನ್ನಿಗೇ ವಿವರವಾದ ಎರಡನೆಯ ಗ್ರಂಥವನ್ನು ಕೈಗೆತ್ತಿಕೊಂಡರು. 1941 ಮತ್ತು 1942 ಆ ಪ್ರಾಂತಕ್ಕೆ ಅತ್ಯಂತ ಭೀಕರ ವರ್ಷಗಳು. ಜಪಾನೀ ಪಡೆಗಳು ಹಳ್ಳಿಗಳನ್ನು ಸುಟ್ಟು, ಸಿಕ್ಕಿದವರನ್ನು ಕೊಂದು, ಇದ್ದುದನ್ನು ದೋಚುತ್ತ ಗುಡ್ಡಗಳನ್ನು ಜಾಲಾಡುತ್ತಿದ್ದವು. ಆಸ್ಪತ್ರೆಯೇ ಊರಿನಿಂದೂರಿಗೆ ಓಡಬೇಕಾಗುತ್ತಿತ್ತು. ರೋಗಿಗಳನ್ನು ರೈತರ ಮನೆಗಳಲ್ಲಿ, ಗುಹೆಗಳಲ್ಲಿ ಬಚ್ಚಿಡಬೇಕಾಗುತ್ತಿತ್ತು. ಆ ಓಟದ ನಡುವೆಯೂ ಪಾಠಗಳು ನಿಲ್ಲಲಿಲ್ಲ, ಬರವಣಿಗೆ ನಿಲ್ಲಲಿಲ್ಲ.

ಆ ಶಾಲೆಯಲ್ಲಿಯೇ ದಾದಿಯರಿಗೆ ಪಾಠ ಹೇಳುತ್ತಿದ್ದವರು ಗುವೊ ಚಿಂಗ್‌ಲಾನ್. ಷಾನ್ಸಿ ಪ್ರಾಂತದ ಈ ತರುಣಿ ಶುಶ್ರೂಷೆಯಲ್ಲಿ ಉತ್ತಮ ತರಬೇತಿ ಪಡೆದವರು. ರೋಗಿಗಳ ಸೇವೆಯ ನಡುವೆ ಬೆಳೆದ ಪರಿಚಯ 1941ರ ಕೊನೆಯಲ್ಲಿ ಮದುವೆಯಲ್ಲಿ ಕೂಡಿತು. 1942ರ ಆಗಸ್ಟಿನಲ್ಲಿ ಗಂಡುಮಗು ಹುಟ್ಟಿತು. ಮಗುವಿಗೆ ಯಿನ್‌ಹುವಾ ಎಂದು ಹೆಸರಿಡಲಾಯಿತು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಸೇನಾನಾಯಕ ನಿಯೆ ರೊಂಗ್‌ಝೆನ್ ಸೂಚಿಸಿದ ಹೆಸರದು. ಅದೇ ವರ್ಷದ ಜುಲೈನಲ್ಲಿ ಕೋಟ್ನಿಸ್ ಚೀನಾದ ಕಮ್ಯುನಿಸ್ಟ್ ಪಕ್ಷವನ್ನೂ ಸೇರಿದ್ದರು. ಒಂದು ವರ್ಷಕ್ಕೆಂದು ಬಂದ ಅತಿಥಿ ಹೀಗೆ ಆ ನೆಲದ ಮನೆಮಗನಾಗಿದ್ದರು.

ತನ್ನ ದೇಹವೆಂಬ ರೋಗಿ

ಆದರೆ ದೇಹ ಸೋಲತೊಡಗಿತ್ತು. ಅರೆಹೊಟ್ಟೆಯ ಊಟ, ನಿದ್ದೆಗೇಡು, ನಿಲ್ಲದ ಅಲೆದಾಟಗಳ ನಡುವೆ ಅವರಿಗೆ ಮೂರ್ಛೆರೋಗ ಕಾಣಿಸಿಕೊಂಡಿತು. ಚಿಕಿತ್ಸೆಗಾಗಿ ಬೇರೆಡೆಗೆ ಹೋಗಬೇಕೆಂದು ಹಿರಿಯರು ಸಲಹೆ ನೀಡಿದರು. ಕೋಟ್ನಿಸ್ ಒಪ್ಪಲಿಲ್ಲ. ಗಾಯಾಳುಗಳನ್ನೂ ವಿದ್ಯಾರ್ಥಿಗಳನ್ನೂ ಬಿಟ್ಟು ಹೋಗಲು ಅವರಿಗೆ ಮನಸ್ಸು ಬರಲಿಲ್ಲ. 1942ರ ಡಿಸೆಂಬರ್ 8ರ ರಾತ್ರಿ ಮೂರ್ಛೆ ಮತ್ತೆ ಮತ್ತೆ ಮರುಕಳಿಸಿತು. ಡಿಸೆಂಬರ್ 9ರ ಬೆಳಗಿನ ಜಾವ ಕೋಟ್ನಿಸ್ ಕೊನೆಯುಸಿರೆಳೆದರು. ಎರಡನೆಯ ಪಠ್ಯ ಅರ್ಧಕ್ಕೆ ನಿಂತಿತು. ಮಗನಿಗೆ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಈ ಸಾವನ್ನು ಬಲಿದಾನವೆಂದು ಕೊಂಡಾಡುವುದು ರೂಢಿ. ಅದು ನಿಜವೂ ಹೌದು. ಆದರೂ ಆರೋಗ್ಯಸೇವೆಯ ಗುಣಗಳನ್ನು ಕುರಿತು ಚಿಂತಿಸುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ರೋಗಿಗೆ ವಿಶ್ರಾಂತಿ ಬೇಕೆಂದು ಕಟ್ಟುನಿಟ್ಟಾಗಿ ಹೇಳುವ ವೈದ್ಯರೇ ತಮಗೆ ವಿಶ್ರಾಂತಿಯನ್ನು ನಿರಾಕರಿಸಿಕೊಂಡರೆ ಅದು ಗುಣವೋ, ಕೊರತೆಯೋ? ಕೋಟ್ನಿಸ್ ಅವರಿಗೆ ಬೇರೆ ದಾರಿಗಳು ಹೆಚ್ಚಿರಲಿಲ್ಲ. ದಿಗ್ಬಂಧನದ ನಡುವೆ ಔಷಧವಿಲ್ಲ; ಅವರ ಜಾಗದಲ್ಲಿ ನಿಲ್ಲಬಲ್ಲವರು ಬೆರಳೆಣಿಕೆಯಷ್ಟು ಮಂದಿ; ಹೊರಗೆ ಹೋಗುವ ದಾರಿಯೂ ಶತ್ರುಪಡೆಗಳ ನಡುವೆಯೇ ಹಾದುಹೋಗುತ್ತಿತ್ತು. ಅಂಥ ಸ್ಥಿತಿಯಲ್ಲಿ ಅವರು ಮಾಡಿದ ಆಯ್ಕೆಯನ್ನು ತೂಗುವ ಹಕ್ಕು ಸುರಕ್ಷಿತವಾಗಿ ಕುಳಿತವರಿಗಿಲ್ಲ. ಆದರೆ ಅದನ್ನೇ ಎಲ್ಲ ಕಾಲಕ್ಕೂ ಸಲ್ಲುವ ನಿಯಮವನ್ನಾಗಿ ಮಾಡಿ, ಶಾಂತಿಕಾಲದ ಆಸ್ಪತ್ರೆಗಳಲ್ಲಿ ದಾದಿಯರಿಂದಲೂ ತರುಣ ವೈದ್ಯರಿಂದಲೂ ಅನ್ನ ನಿದ್ದೆಗಳಿಲ್ಲದ ದುಡಿಮೆಯನ್ನು ನಿರೀಕ್ಷಿಸುವುದು ಅವರ ನೆನಪಿಗೆ ಸಲ್ಲಿಸುವ ಗೌರವವಲ್ಲ. ದಣಿದ ಕೈ ತಪ್ಪು ಮಾಡುತ್ತದೆ. ಆ ತಪ್ಪಿನ ಬೆಲೆಯನ್ನು ತೆರುವವನು ರೋಗಿ. ಆರೋಗ್ಯಸೇವಕನು ತನ್ನ ದೇಹವನ್ನು ತನಗೆ ಒಪ್ಪಿಸಲಾದ ಮೊದಲ ರೋಗಿಯೆಂದು ತಿಳಿಯುವುದು ಸ್ವಾರ್ಥವಲ್ಲ, ಅದೂ ವೃತ್ತಿಧರ್ಮವೇ. ತ್ಯಾಗ ಅನಿವಾರ್ಯವಾದಾಗ ಮಾಡಬೇಕಾದದ್ದು; ಅದು ಅನಿವಾರ್ಯವಾಗದಂತೆ ವ್ಯವಸ್ಥೆಯನ್ನು ಕಟ್ಟುವುದು ಸಮಾಜದ ಹೊಣೆ.

ಕೋಟ್ನಿಸ್ ಅವರ ಮನೆತನಕ್ಕೆ ಇದರ ಇನ್ನೊಂದು ಮುಖವೂ ಕಾಣಿಸಿತು. ತಂದೆಯ ದಾರಿಯಲ್ಲೇ ನಡೆದು ವೈದ್ಯಕೀಯ ಓದುತ್ತಿದ್ದ ಯಿನ್‌ಹುವಾ, ಪದವಿ ಇನ್ನೇನು ಕೈಗೆ ಬರಲಿದೆ ಎನ್ನುವಾಗ, 1967ರಲ್ಲಿ ಚಿಕಿತ್ಸೆಯಲ್ಲಾದ ಲೋಪದಿಂದ ಅಕಾಲದಲ್ಲಿ ತೀರಿಕೊಂಡರು. ಸಾವಿರಾರು ತಾಯಂದಿರ ಮಕ್ಕಳನ್ನು ಉಳಿಸಿದ ವೈದ್ಯರ ಒಬ್ಬನೇ ಮಗನನ್ನು ವೈದ್ಯವಿದ್ಯೆ ಉಳಿಸಿಕೊಳ್ಳಲಿಲ್ಲ. ಅಂತಃಕರಣವೊಂದೇ ಸಾಲದು, ಎಚ್ಚರವೂ ನಿಖರತೆಯೂ ಕ್ಷಣ ಮಾತ್ರ ತಪ್ಪಬಾರದು ಎಂಬುದಕ್ಕೆ ಇದಕ್ಕಿಂತ ಕಹಿಯಾದ ನಿದರ್ಶನ ಬೇಕಾಗಿಲ್ಲ.

ಎರಡು ದೇಶಗಳ ನೆನಪಿನಲ್ಲಿ

ಕೋಟ್ನಿಸ್ ಅವರನ್ನು ಮೊದಲು ಹಳ್ಳಿಯೊಂದರಲ್ಲಿ ಸಮಾಧಿ ಮಾಡಲಾಯಿತು. ಮುಂದೆ ಅವಶೇಷಗಳನ್ನು ಹೆಬೈ ಪ್ರಾಂತದ ಶಿಜಿಯಾಝುವಾಂಗ್ ನಗರದ ಹುತಾತ್ಮರ ಉದ್ಯಾನಕ್ಕೆ ತರಲಾಯಿತು. ಬೆಥೂನ್ ಅವರ ಸಮಾಧಿಯೂ ಅಲ್ಲಿಯೇ ಇದೆ. ಅವರು ತೀರಿಕೊಂಡಾಗ ಮಾವೋ ತಮ್ಮ ಕೈಯಿಂದಲೇ ಶ್ರದ್ಧಾಂಜಲಿ ಬರೆದರು. ಭಾರತದಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸರು ಈ ತಂಡದ ಕಥೆಯನ್ನು ಪುಸ್ತಕವಾಗಿ ಬರೆದರು. ಅದನ್ನು ಆಧರಿಸಿ ವಿ. ಶಾಂತಾರಾಮ್ ಅವರು 1946ರಲ್ಲಿ ಡಾ. ಕೋಟ್ನಿಸ್ ಕೀ ಅಮರ್ ಕಹಾನಿ ಎಂಬ ಚಲನಚಿತ್ರ ನಿರ್ಮಿಸಿ, ತಾವೇ ಕೋಟ್ನಿಸ್ ಪಾತ್ರ ವಹಿಸಿದರು. ಚೀನಾ 1982ರಲ್ಲಿ, ಭಾರತ 1993ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರತಂದವು. ಗೆಳೆಯ ಬಸು 1943ರಲ್ಲಿ ಭಾರತಕ್ಕೆ ಮರಳಿದರು. ಮುಂದೆ ಚೀನಾದಲ್ಲಿ ಸೂಜಿಚಿಕಿತ್ಸೆ ಕಲಿತು ಬಂದು ಅದನ್ನು ಭಾರತದಲ್ಲಿ ಹಬ್ಬಿಸಿದರು. ಗುವೊ ಚಿಂಗ್‌ಲಾನ್ ಹಲವು ಬಾರಿ ಭಾರತಕ್ಕೆ ಬಂದು ಪತಿಯ ಮನೆಯವರೊಂದಿಗೆ ಬಾಂಧವ್ಯ ಉಳಿಸಿಕೊಂಡರು, 2012ರಲ್ಲಿ ತೀರಿಕೊಂಡರು. ಎರಡು ದೇಶಗಳ ನಡುವೆ 1962ರಲ್ಲಿ ಯುದ್ಧವೇ ನಡೆದುಹೋಯಿತು. ಆದರೂ ಭಾರತಕ್ಕೆ ಬರುವ ಚೀನೀ ನಾಯಕರು ಕೋಟ್ನಿಸ್ ಕುಟುಂಬದವರನ್ನು ಕಂಡು ಗೌರವಿಸುವ ಪದ್ಧತಿಯನ್ನು ಇರಿಸಿಕೊಂಡರು. ರಾಜಕೀಯ ಕೆಡಿಸಲಾಗದಂಥದ್ದು ಏನಾದರೂ ಇದ್ದರೆ ಅದು ಹಾಸಿಗೆಯ ಪಕ್ಕ ಕುಳಿತವರ ಋಣ.

ಕೋಟ್ನಿಸ್ ಅವರು ಹುಟ್ಟಿನಿಂದ ಅಸಾಮಾನ್ಯರಾಗಿರಲಿಲ್ಲ. ಅವರು ಗಿರಣಿಯೂರಿನ ಸಾಮಾನ್ಯ ಮನೆಯ ಹುಡುಗ, ಪದವಿ ಪಡೆದು ಹೆಚ್ಚು ದಿನಗಳಾಗದ ವೈದ್ಯ. ಅವರಲ್ಲಿದ್ದ ಗುಣಗಳಲ್ಲಿ ಬಹುತೇಕ ಎಲ್ಲವೂ ಕಲಿತು ಬೆಳೆಸಿಕೊಂಡಂಥವು. ರೋಗಿಯ ಭಾಷೆಯನ್ನು ಕಲಿತರು. ಇಲ್ಲದುದರ ನಡುವೆ ಶುಚಿಯನ್ನು ಕಾಯುವುದನ್ನು ಕಲಿತರು. ಕಿರಿಯರ ಜೊತೆ ಸರಿಸಮನಾಗಿ ಕೂರುವುದನ್ನು, ತಮಗೆ ತಿಳಿದದ್ದನ್ನು ಬರೆದಿಡುವುದನ್ನು ಕಲಿತರು. ಕಲಿಯಬಹುದಾದ್ದರಿಂದಲೇ ಅವು ಇಂದಿನ ವಿದ್ಯಾರ್ಥಿಗಳಿಗೂ ದಕ್ಕುವಂಥವು. ಸಿದ್ಧರಾಮರು ಕಟ್ಟಿದ ಕೆರೆಯ ನೀರು ಕುಡಿಯಲು ಬಂದವರ ಜಾತಿಯನ್ನೂ ಭಾಷೆಯನ್ನೂ ಕೇಳಲಿಲ್ಲ. ಎಂಟು ಶತಮಾನಗಳ ನಂತರ ಅದೇ ಊರಿನ ವೈದ್ಯರೊಬ್ಬರು ಯೆನಾನ್‌ನ ಆಚೆಯ ಗುಡ್ಡಗಳಲ್ಲಿ, ತನ್ನ ದೇಶದವನಲ್ಲದ, ತನ್ನ ಭಾಷೆಯವನಲ್ಲದ ಗಾಯಾಳುವಿನ ನಾಡಿ ಹಿಡಿದು ಕುಳಿತಾಗ ಸೊನ್ನಲಿಗೆಯ ಆ ಹಳೆಯ ಕಾಯಕವೇ ಮುಂದುವರಿಯಿತೆನ್ನಬೇಕು.